ಒಂದು ರೂಪಾಯಿಗೆ ಒಂದು ಡಾಲರು: ಕುಕ್ಕರಹಳ್ಳಿ ಕೆರೆ ಏರಿ ದರ

ಆಗಸ್ಟ್ ಹದಿನೈದು ಹತ್ತಿರ ಬಂತೆಂದರೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ರೂಪಾಯಿಯ ತಿಥಿ ಶುರುವಾಗುತ್ತದೆ. ಬೆಳಿಗ್ಗೆ ಆರೂವರೆಗೆ ನಮ್ಮ ರಾಯರು ಒಂದು ಸುತ್ತು ಮುಗಿಸಿ ಬೆಂಚಿನ ಮೇಲೆ ಕೂತು, ಮಂಕಿ ಕ್ಯಾಪನ್ನು ಹಣೆಯ ಮೇಲಕ್ಕೆ ಸರಿಸಿ, ಮೊಬೈಲನ್ನು ಒಂದು ಮೊಳ ದೂರ ಹಿಡಿದು ಓದುತ್ತಾರೆ: "1947ರಲ್ಲಿ ಒಂದು ರೂಪಾಯಿಗೆ ಒಂದು ಡಾಲರ್! ಇವತ್ತು?" ಆಮೇಲೆ ನನ್ನ ಕಡೆ ನೋಡುತ್ತಾರೆ. ಮಿಕ್ಕ ರೂಪಾಯಿಗಳನ್ನೆಲ್ಲ ನಾನೇ ಜೇಬಿಗಿಳಿಸಿದ್ದೇನೆ ಅನ್ನುವ ನೋಟ.

ಸುಮ್ಮನಿರಬಹುದಿತ್ತು. ಆದರೆ ಸುಳ್ಳಿಗೆ ಕೂಡ ಒಂದು ಲೆಕ್ಕ ಬೇಡವೇ? 1947ರಲ್ಲಿ ನಮ್ಮ ರೂಪಾಯಿ ಡಾಲರಿನ ಮುಖವನ್ನೇ ನೋಡುತ್ತಿರಲಿಲ್ಲ. ಅದನ್ನು ಕಟ್ಟಿಹಾಕಿದ್ದು ಬ್ರಿಟಿಷ್ ಪೌಂಡಿನ ಗೂಟಕ್ಕೆ. ಒಂದು ರೂಪಾಯಿಗೆ ಒಂದು ಶಿಲಿಂಗ್ ಆರು ಪೆನ್ಸ್, ಅಂದರೆ ಒಂದು ಪೌಂಡಿಗೆ ಹದಿಮೂರು ರೂಪಾಯಿ ಐದಾಣೆ ನಾಲ್ಕು ಪೈ (ಹನ್ನೆರಡು ಪೆನ್ಸಿಗೆ ಒಂದು ಶಿಲಿಂಗ್, ಇಪ್ಪತ್ತು ಶಿಲಿಂಗಿಗೆ ಒಂದು ಪೌಂಡು). ಆ ಪೌಂಡಿಗೆ 4.03 ಡಾಲರ್. ಭಾಗಿಸಿದರೆ ಡಾಲರಿಗೆ ಮೂರು ರೂಪಾಯಿ ಮೂವತ್ತು ಪೈಸೆ ಚಿಲ್ಲರೆ. 1949ರಲ್ಲಿ ಪೌಂಡು ಬಿತ್ತು, ಗೂಟದ ಜೊತೆ ಹಸುವೂ ಬಿತ್ತು: ಡಾಲರಿಗೆ 4.76 ರೂಪಾಯಿ. 1966ರ ಜೂನ್ 6ಕ್ಕೆ ಇಂದಿರಾ ಗಾಂಧಿ ಸರ್ಕಾರ ಒಂದೇ ಏಟಿಗೆ ಅದನ್ನು 7.50 ಮಾಡಿತು. 1991ರ ಜುಲೈನಲ್ಲಿ ಮೂರು ದಿನದೊಳಗೆ ಎರಡು ಸಲ ಇಳಿಸಿದರು. 1993ರಿಂದ ಸಂತೆಯಲ್ಲಿ ಬಿಟ್ಟಿದ್ದಾರೆ, ಬೆಲೆ ಕೂಗುವವರು ಕೂಗುತ್ತಾರೆ. ಒಂದಕ್ಕೊಂದು ಅನ್ನುವ ದರ ಈ ದಾರಿಯಲ್ಲಿ ಎಲ್ಲೂ ಸಿಗುವುದಿಲ್ಲ.

"ನೀವು ಎಲ್ಲದಕ್ಕೂ ಕೊಂಕು ತೆಗೀತೀರಿ ಸಾರ್," ಅಂದರು ರಾಯರು. "ಭಾವನೆ ಮುಖ್ಯ."

ಪಕ್ಕದಲ್ಲಿ ಕೂತಿದ್ದ ಮಂಡ್ಯ ಕಡೆಯ ಗೌಡರು, ಮಗಳ ಮನೆಗೆ ಬಂದವರು, ಕಬ್ಬಿನ ದುಡ್ಡಿಗೆ ಕಾದು ಕಾದು ಲೆಕ್ಕದಲ್ಲಿ ಪಳಗಿದವರು, ಕೇಳಿದರು: "ಅಲ್ಲಾ ರಾಯ್ರೇ, ನಿಮ್ ಹುಡುಗ ಅಮೇರಿಕದಿಂದ ತಿಂಗ್ಳಿಗೆಷ್ಟು ಕಳುಸ್ತಾನೆ?"

"ಸಾವಿರ ಡಾಲರ್."

"ಒಂದುಕ್ಕೊಂದೇ ಆಗೋದ್ರೆ ಸಾವ್ರ ರೂಪಾಯ್ ಬತ್ತದೆ. ಹಾಲು, ಪೇಪರ್ರಿಗೂ ಆಗಾಕಿಲ್ಲ, ಬುಡಿ."

ರಾಯರ ಮುಖದಲ್ಲಿ ಆಗ ಕಂಡ ದೇಶಭಕ್ತಿಯ ಬಿಕ್ಕಟ್ಟನ್ನು ನಾನು ಬಹುದಿನ ಮರೆಯಲಾರೆ. ಕಳೆದ ವಾರ ತಾನೇ ಅವರು ಮಗನಿಗೆ ಫೋನಿನಲ್ಲಿ ಹೇಳುತ್ತಿದ್ದುದು ನನ್ನ ಕಿವಿಗೆ ಬಿದ್ದಿತ್ತು: "ಈಗಲೇ ಕಳಿಸಬೇಡ ಮಗು, ಇನ್ನೊಂದು ರೂಪಾಯಿ ಇಳೀಲಿ."

ರಾಯರೊಬ್ಬರನ್ನೇ ಯಾಕೆ ಅನ್ನಬೇಕು? ಪಕ್ಷಗಳದೂ ಇದೇ ಕಥೆ. ವಿರೋಧದ ಬೆಂಚಿನಲ್ಲಿದ್ದಾಗ ರೂಪಾಯಿ ಬಿದ್ದರೆ ದೇಶದ ಮಾನ ಬೀದಿಪಾಲು. ಕುರ್ಚಿ ಬದಲಾದ ಮೇಲೆ ಬಿದ್ದರೆ ರಫ್ತಿಗೆ ಒಳ್ಳೆಯದು. ನಮ್ಮ ರಾಜ್ಯದಿಂದಲೇ ರಾಜ್ಯಸಭೆಗೆ ಹೋದ ನಿರ್ಮಲಾ ಸೀತಾರಾಮನ್ 2022ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ನಿಂತು, ರೂಪಾಯಿ ಜಾರುತ್ತಿಲ್ಲ, ಡಾಲರೇ ಬಲವಾಗುತ್ತಿದೆ ಎಂಬರ್ಥದ ಮಾತು ಹೇಳಿದರು. ಅರ್ಥಶಾಸ್ತ್ರದ ಮಟ್ಟಿಗೆ ಅದರಲ್ಲಿ ಹುರುಳಿತ್ತು. ನಾನೂ ಅಂದಿನಿಂದ ಮನೆಯಲ್ಲಿ ಅದನ್ನೇ ಬಳಸುತ್ತಿದ್ದೇನೆ: ನನ್ನ ಹೊಟ್ಟೆ ಬೆಳೆದಿಲ್ಲ, ಪ್ಯಾಂಟೇ ಬಿಗಿಯಾಗಿದೆ.

ದರವೇ ಮಾನವಾದರೆ ಕುವೈತಿನ ಎದುರು ಅಮೆರಿಕ ತಲೆ ತಗ್ಗಿಸಬೇಕು, ಅವರ ಒಂದು ದಿನಾರಿಗೆ ಮೂರು ಡಾಲರಿಗೂ ಹೆಚ್ಚು. ಜಪಾನಂತೂ ಕೆರೆಗೇ ಹಾರಬೇಕು: 1949ರಿಂದ 1971ರವರೆಗೆ ಒಂದು ಡಾಲರಿಗೆ 360 ಯೆನ್ ಕೊಟ್ಟುಕೊಂಡು ಕೂತಿತ್ತು. ಪಾಪ, ಆ ಅವಮಾನದಲ್ಲೇ ರೇಡಿಯೊ, ಕ್ಯಾಮೆರಾ, ಕಾರು ಮಾಡಿ ಊರೂರಿಗೆ ಮಾರಿತು.

ಮೈಸೂರಿನವರಿಗಂತೂ ಈ ಲೆಕ್ಕ ಹಳೆಯದು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕಂಪನಿಯವರು ನಮ್ಮ ಸಂಸ್ಥಾನದ ಮೇಲೆ ಹೇರಿದ ವರ್ಷದ ಪೊಗದಿ ಏಳು ಲಕ್ಷ ವರಹ. ರೂಪಾಯಿಗೆ ತಿರುಗಿಸಿದಾಗ ಇಪ್ಪತ್ತನಾಲ್ಕೂವರೆ ಲಕ್ಷ. ವರಹಕ್ಕೆ ಮೂರೂವರೆ ರೂಪಾಯಿ, ಎಂಥ ಗಟ್ಟಿ ನಾಣ್ಯ! ಗಟ್ಟಿ ನಾಣ್ಯ ಮೂಟೆ ಕಟ್ಟಿಕೊಂಡು ಹೋಗುತ್ತಿದ್ದುದು ಮಾತ್ರ ಅವರು.

ಇಷ್ಟು ಹೇಳಿ ನಿಲ್ಲಿಸಬೇಕಿತ್ತು. ಬಾಯಿಚಪಲ ನೋಡಿ, ಕೊನೆಯ ಅಸ್ತ್ರವನ್ನೂ ಬಿಟ್ಟೆ. "ರಾಯರೇ, ಆ ಒಂದು ಶಿಲಿಂಗ್ ಆರು ಪೆನ್ಸ್ ದರ ಗಟ್ಟಿ ಮಾಡಿದ್ದು 1927ರಲ್ಲಿ, ಬ್ರಿಟಿಷರು. ರೂಪಾಯಿ ದುಬಾರಿಯಾದರೆ ಅವರ ಮಾಲು ಇಲ್ಲಿ ಅಗ್ಗ, ನಮ್ಮ ರೈತನ ಮಾಲಿಗೆ ರೂಪಾಯಿಯಲ್ಲಿ ಕಡಿಮೆ. ಅದಕ್ಕೇ 1930ರಲ್ಲಿ ಗಾಂಧೀಜಿ ವೈಸ್‌ರಾಯ್ ಇರ್ವಿನ್ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಉಪ್ಪಿನ ಕರದ ಜೊತೆ ಇದೂ ಒಂದಿತ್ತು: ರೂಪಾಯಿಯನ್ನು ಒಂದು ಶಿಲಿಂಗ್ ನಾಲ್ಕು ಪೆನ್ಸಿಗೆ ಇಳಿಸಿ."

"ಇಳಿಸಿ ಅಂದರಾ? ಗಾಂಧೀಜಿ?"

"ಹೂಂ."

ರಾಯರು ಮಂಕಿ ಕ್ಯಾಪನ್ನು ಪೂರ್ತಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ನೀರಿನಲ್ಲಿ ಒಂದು ಹೆಜ್ಜಾರ್ಲೆ ಕೊಕ್ಕು ಮುಳುಗಿಸಿ ಎತ್ತಿತು. ಗೌಡರು ಕಾಫಿಗೆ ಏಳೋಣವೇ ಅಂದರು. ರಾಯರು ಎದ್ದರು, ದಾರಿಯುದ್ದಕ್ಕೂ ಮಾತಿಲ್ಲ. ಗೆದ್ದೆನೆಂದು ಬೀಗಿದ ನಾನು ಅವರ ಕಾಫಿಯ ದುಡ್ಡನ್ನೂ ಕೊಟ್ಟೆ.

ಮರುದಿನ ಬೆಳಿಗ್ಗೆ ಐದೂ ನಲವತ್ತಕ್ಕೆ ಮೊಬೈಲು ಕುಂಯ್‌ಗುಟ್ಟಿತು. ಮೂರು ಗುಲಾಬಿ, ಎರಡು ಬಾವುಟ, ಕೆಳಗೆ ದಪ್ಪ ಅಕ್ಷರದಲ್ಲಿ: "ಗಾಂಧೀಜಿ 1930ರಲ್ಲಿ ಕಂಡ ಕನಸು ಇಂದು ನನಸು! ರೂಪಾಯಿ ಅವರು ಕೇಳಿದ್ದಕ್ಕಿಂತಲೂ ಕೆಳಗೆ! ಹತ್ತು ಜನಕ್ಕೆ ಕಳಿಸಿ."