‘ಹ್ಯಾವ್’ ಇಲ್ಲದಿರುವುದು ಕೊರತೆಯಲ್ಲ
ಇಂಗ್ಲಿಷಿನ ‘ಹ್ಯಾವ್’ (ಹೊಂದಿರು) ಕ್ರಿಯಾಪದದ ಕುರಿತು ನಾನು ಓದಿದ ಲೇಖನವೊಂದು, ಅದಕ್ಕೆ ಸಮನಾದ ಕ್ರಿಯಾಪದ ಐರ್ಲೆಂಡಿನ ಐರಿಶ್ ಮತ್ತು ಸ್ಕಾಟ್ಲೆಂಡಿನ ಸ್ಕಾಟಿಷ್ ಗೇಲಿಕ್ ಭಾಷೆಗಳಲ್ಲಿ ಇಲ್ಲವೆಂದು ಹೇಳಿರುವುದು ಸರಿ, ಆದರೆ ಅದನ್ನು ಕೊರತೆಯೆಂದು ಕರೆದಿರುವುದನ್ನು ನಾನು ಒಪ್ಪಲಾರೆ. ಐರಿಶ್‌ನಲ್ಲಿ ‘ನನ್ನಲ್ಲಿ ಹಣವಿದೆ’ ಎನ್ನಲು ‘ತಾ ಅರಗದ್ ಅಗಮ್’ ಎನ್ನುತ್ತಾರೆ. ‘ತಾ’ ಎಂದರೆ ‘ಇದೆ’. ‘ಅಗಮ್’ ಎಂಬುದು ‘ಬಳಿ’ ಎಂಬರ್ಥದ ‘ಅಗ್’ ಎಂಬ ಉಪಸರ್ಗವೂ (ಪ್ರಿಪೊಸಿಷನ್) ‘ನಾನು’ ಎಂಬ ಸರ್ವನಾಮವೂ ಬೆಸೆದುಕೊಂಡು ಆದ ಒಂದೇ ಪದ. ಹಣವೇ ಇಲ್ಲಿ ಕರ್ತೃ, ಒಡೆಯನಲ್ಲ. ಕನ್ನಡಿಗರಿಗೆ ಇದು ಅಪರಿಚಿತವೇನಲ್ಲ, ಏಕೆಂದರೆ ನಾವೂ ‘ನನ್ನ ಹತ್ತಿರ ಪುಸ್ತಕವಿದೆ’, ‘ನನಗೆ ಇಬ್ಬರು ಮಕ್ಕಳಿದ್ದಾರೆ’ ಎಂದು ‘ಇರು’ ಧಾತುವಿನಿಂದಲೇ ಹೇಳುತ್ತೇವೆ.

ಉಪಸರ್ಗ ಬದಲಾದರೆ ಅರ್ಥವೂ ಬದಲಾಗುವ ಬಗೆ ನನಗೆ ಬಹಳ ಪ್ರಿಯವಾದದ್ದು. ಹಸಿವು, ಭಯ, ದುಃಖಗಳು ಮನುಷ್ಯನ ‘ಬಳಿ’ ಇರುವುದಿಲ್ಲ, ಅವನ ‘ಮೇಲೆ’ ಇರುತ್ತವೆ: ‘ತಾ ಓಕ್ರಸ್ ಓರಮ್’ ಎಂದರೆ ಅಕ್ಷರಶಃ ‘ಹಸಿವು ನನ್ನ ಮೇಲಿದೆ’. ಸಾಲದ ಮಾತು ಬಂದಾಗ ಎರಡೂ ಉಪಸರ್ಗಗಳು ಒಂದೇ ವಾಕ್ಯದಲ್ಲಿ ಸೇರುತ್ತವೆ; ‘ನನ್ನ ಬಳಿ, ನಿನ್ನ ಮೇಲೆ, ಒಂದು ಪೌಂಡ್ ಇದೆ’ ಎಂದರೆ ನೀನು ನನಗೆ ಒಂದು ಪೌಂಡ್ ಕೊಡಬೇಕೆಂದು ಅರ್ಥ. ಭಾಷಾಜ್ಞಾನ ಮಾತ್ರ ಹಣದಂತೆಯೇ ‘ಬಳಿ’ ಇರುವಂಥದ್ದು: ಐರಿಶ್ ಬಲ್ಲವನು ‘ಐರಿಶ್ ನನ್ನ ಬಳಿ ಇದೆ’ ಎನ್ನುತ್ತಾನೆ. ಸ್ಕಾಟಿಷ್ ಗೇಲಿಕ್‌ನಲ್ಲಿ ‘ತಾ’ ಬದಲು ‘ಹಾ’ ಎಂಬ ಉಚ್ಚಾರಣೆಯಿದ್ದರೂ ವಾಕ್ಯರಚನೆ ಇದೇ.

ಇಂಗ್ಲಿಷಿನಲ್ಲಿ ಮುಗಿದ ಕ್ರಿಯೆಯನ್ನು ಹೇಳಲು ‘ಹ್ಯಾವ್’ ಸಹಾಯಕ ಕ್ರಿಯಾಪದವೂ ಆಗುತ್ತದೆ ಎಂಬುದನ್ನು ಲೇಖನ ವಿವರಿಸಿದೆ. ಐರಿಶ್ ಅದನ್ನೂ ‘ಓದಿದ ಪುಸ್ತಕ ನನ್ನ ಬಳಿ ಇದೆ’ ಎಂಬ ಧಾಟಿಯಲ್ಲಿ, ಅದೇ ‘ಅಗಮ್’ ಬಳಸಿ ಹೇಳಬಲ್ಲದು ಎಂಬ ಅಂಶವನ್ನೂ ಅಲ್ಲಿ ಸೇರಿಸಬೇಕಿತ್ತು.