ಸೈಟೇಶನ್ ಲೆಕ್ಕಕ್ಕೆ ಸಿಗದ ಕೆಲಸ

ಹೋದ ವಾರ ಒಂದು ಬಡ್ತಿ ಸಮಿತಿಯಲ್ಲಿ ಕೂತಿದ್ದೆ. ಆಪ್ಟಿಕಲ್ ಫೈಬರ್, ಅಂದರೆ ಬೆಳಕಿನಲ್ಲಿ ಮಾಹಿತಿ ಸಾಗಿಸುವ ಗಾಜಿನ ಎಳೆ, ಅದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ಸಂಶೋಧಕರೊಬ್ಬರ ಫೈಲು. ನಮ್ಮ ಮುಂದೆ ಇದ್ದದ್ದು ಒಂದೇ ಹಾಳೆ: ಎಷ್ಟು ಪೇಪರ್, ಎಷ್ಟು ಸೈಟೇಶನ್ (ಬೇರೆಯವರ ಪೇಪರಿನಲ್ಲಿ ಉಲ್ಲೇಖ), ಎಚ್-ಇಂಡೆಕ್ಸ್ (ಇವೆರಡನ್ನೂ ಸೇರಿಸಿ ಕೊಡುವ ಒಂದು ಅಂಕಿ) ಎಷ್ಟು. "ನಂಬರ್ ಕಡಿಮೆ ಆಯ್ತಲ್ವಾ" ಅಂತ ಒಬ್ಬರು ಅಂದರು. ಎರಡು ನಿಮಿಷದಲ್ಲಿ ಫೈಲು ಪಕ್ಕಕ್ಕೆ ಹೋಯಿತು. ಅವರ ಒಂದೇ ಒಂದು ಪೇಪರನ್ನೂ ಯಾರೂ ತೆರೆದು ನೋಡಲಿಲ್ಲ. ಅವತ್ತಿನಿಂದ ನನಗೆ ಸಮಾಧಾನವೇ ಇಲ್ಲ.

ಬೇರೆ ಕ್ಷೇತ್ರದ ಮಾತು ನನಗೆ ಗೊತ್ತಿಲ್ಲ. ಆದರೆ ನಮ್ಮ ಕ್ಷೇತ್ರ ಹುಟ್ಟಿದ್ದೇ, ಬಂದ ಕೂಡಲೇ ಹೆಚ್ಚು ಜನ ನಂಬದ ಒಂದು ಪೇಪರಿನಿಂದ.

1966ರಲ್ಲಿ ಇಂಗ್ಲೆಂಡಿನ ಹಾರ್ಲೋದಲ್ಲಿದ್ದ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಅದನ್ನು ಬರೆದರು. ಆಗಿನ ಗಾಜಿನ ಎಳೆಯಲ್ಲಿ ಬೆಳಕಿನ ನಷ್ಟ ಕಿಲೋಮೀಟರಿಗೆ ಸುಮಾರು 1000 ಡೆಸಿಬಲ್. ಅಂದರೆ 20 ಮೀಟರ್ ದಾಟುವಷ್ಟರಲ್ಲಿ ನೂರರಲ್ಲಿ ಒಂದು ಪಾಲು ಬೆಳಕು ಮಾತ್ರ ಉಳಿಯುತ್ತಿತ್ತು. ಇದರಲ್ಲಿ ಫೋನ್ ಮಾತು ಕಳಿಸುವುದಾ ಅಂತ ಯಾರಿಗಾದರೂ ಅನಿಸುತ್ತದೆ. ಅವರಿಬ್ಬರು ಹೇಳಿದ್ದು ಇಷ್ಟು: ತಪ್ಪು ಗಾಜಿನದ್ದಲ್ಲ, ಅದರೊಳಗೆ ಸೇರಿಕೊಂಡಿರುವ ಕಬ್ಬಿಣದಂಥ ಕಲ್ಮಶದ್ದು. ಅದನ್ನು ತೆಗೆಯಿರಿ, ನಷ್ಟ ಕಿಲೋಮೀಟರಿಗೆ 20 ಡೆಸಿಬಲ್‌ಗಿಂತ ಕೆಳಗೆ ಇಳಿಯುತ್ತದೆ. ಕಾವೊ ಅಷ್ಟಕ್ಕೇ ಬಿಡಲಿಲ್ಲ. ಗಾಜು ತಯಾರಿಸುವವರ ಹತ್ತಿರ ಖುದ್ದು ಹೋಗಿ ಒಪ್ಪಿಸಲು ನೋಡಿದರು, ಶುದ್ಧ ಸಿಲಿಕಾ ತಂದು ತಾವೇ ಅಳೆದರು.

1970ರಲ್ಲಿ ಕಾರ್ನಿಂಗ್ ಕಂಪನಿಯ ಮೌರರ್, ಕೆಕ್, ಶುಲ್ಟ್ಸ್ 17 ಡೆಸಿಬಲ್‌ಗೆ ಇಳಿಸಿ ತೋರಿಸಿದರು. ಇವತ್ತಿನ ಫೈಬರಿನಲ್ಲಿ ಅದು ಸುಮಾರು 0.2. ಅದೇ ನೂರರಲ್ಲಿ ಒಂದು ಪಾಲಿಗೆ ಇಳಿಯಲು ಬೆಳಕು ಮೊದಲು 20 ಮೀಟರ್ ಹೋದರೆ ಸಾಕಿತ್ತು. ಆ ಪೇಪರಿನ ಗುರಿ 1 ಕಿಲೋಮೀಟರ್. ಈಗ 100 ಕಿಲೋಮೀಟರ್! ಪ್ರಭಾವ ಅಂದರೆ ನನ್ನ ಪಾಲಿಗೆ ಇದು.

ಈಗ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ, ಅಂದರೆ ಒಂದು ಪತ್ರಿಕೆಯ ಪೇಪರುಗಳಿಗೆ ಸರಾಸರಿ ಎಷ್ಟು ಸೈಟೇಶನ್ ಬಂತು ಅನ್ನುವ ಲೆಕ್ಕ. ಒಂದು ವರ್ಷದ ಲೆಕ್ಕಕ್ಕೆ ಹಿಂದಿನ ಎರಡು ವರ್ಷದ ಪೇಪರುಗಳನ್ನು ಮಾತ್ರ ಹಿಡಿಯುತ್ತಾರೆ. 1966ರ ಪೇಪರ್ 1969ಕ್ಕೇ ಆ ಲೆಕ್ಕದಿಂದ ಹೊರಗೆ ಹೋಗುತ್ತದೆ. ಕಾರ್ನಿಂಗ್‌ನವರ ಫಲಿತಾಂಶ ಬಂದದ್ದು ಅದಾಗಿ ಒಂದು ವರ್ಷಕ್ಕೆ. ನೊಬೆಲ್ ಬಂದದ್ದು 2009ರಲ್ಲಿ, 43 ವರ್ಷದ ಮೇಲೆ. ಅಷ್ಟರಲ್ಲಿ ಕಾವೊ ಅವರಿಗೆ ಆಲ್ಝೈಮರ್ ಬಂದಿತ್ತು. ನೊಬೆಲ್ ಉಪನ್ಯಾಸ ಕೊಟ್ಟದ್ದು ಅವರ ಹೆಂಡತಿ ಗ್ವೆನ್. ಅದನ್ನು ನೆನೆದಾಗಲೆಲ್ಲ ಸಂಕಟ ಆಗುತ್ತದೆ.

ಬೆಳಕಿನ ತೀವ್ರತೆಯನ್ನಷ್ಟೇ ಅಲ್ಲ, ಅದರ ಅಲೆಯ ಹಂತವನ್ನೂ (ಫೇಸ್) ಓದುವ ಕೊಹೆರೆಂಟ್ ತಂತ್ರದ ಕಥೆಯೂ ಹೀಗೇ. 1980ರ ದಶಕದಲ್ಲಿ ಎಷ್ಟೋ ಜನ ಅದಕ್ಕಾಗಿ ದುಡಿದರು. 1987ರಲ್ಲಿ ಫೈಬರಿನೊಳಗೇ ಬೆಳಕನ್ನು ಬಲಪಡಿಸುವ ಎರ್ಬಿಯಂ ಆಂಪ್ಲಿಫೈಯರ್ ಬಂತು, ಕೊಹೆರೆಂಟ್ ಮೂಲೆಗೆ ಸರಿಯಿತು. 2000ದ ದಶಕದಲ್ಲಿ ವೇಗದ ಡಿಜಿಟಲ್ ಚಿಪ್‌ಗಳು ಬಂದಮೇಲೆ ಅದೇ ವಾಪಸ್ ಬಂತು, ಈಗ ದೂರದ ಲಿಂಕುಗಳು ನಡೆಯುವುದೇ ಅದರ ಮೇಲೆ. ನಡುವೆ 1995ರಲ್ಲಿ ಬಡ್ತಿಗೆ ನಿಂತವರ ಕೆಲಸಕ್ಕೆ ಯಾರು ಬೆಲೆ ಕಟ್ಟಿರುತ್ತಾರೆ, ಹೇಳಿ.

ಎಚ್-ಇಂಡೆಕ್ಸ್ ಬಂದದ್ದು 2005ರಲ್ಲಿ, ತಂದವರು ಹಿರ್ಶ್ ಅನ್ನುವ ಭೌತವಿಜ್ಞಾನಿ. ಹತ್ತು ಪೇಪರಿಗೆ ಒಂದೊಂದಕ್ಕೂ ಕನಿಷ್ಠ ಹತ್ತು ಸೈಟೇಶನ್ ಇದ್ದರೆ ಎಚ್-ಇಂಡೆಕ್ಸ್ ಹತ್ತು. ಅದು ಸುಮ್ನೆ ದಂಡ ಅಂತ ನಾನು ಹೇಳುತ್ತಿಲ್ಲ. ಆದರೆ ಬರೀ ಮೂರು ಪೇಪರ್ ಬರೆದವರ ಎಚ್-ಇಂಡೆಕ್ಸ್ ಮೂರು ದಾಟುವುದಿಲ್ಲ, ಒಂದೊಂದಕ್ಕೆ ಸಾವಿರ ಸೈಟೇಶನ್ ಇದ್ದರೂ. ನಮ್ಮಲ್ಲಿ ಒಂದು ಅಳತೆ ನೆಟ್ಟಗೆ ಮಾಡಲು ವರ್ಷ ಹಿಡಿಯುತ್ತದೆ. ಜಾಸ್ತಿ ಬರೆಯಿರಿ ಅಂದರೆ ಅದನ್ನೇ ನಾಲ್ಕು ತುಂಡು ಮಾಡಿ ಬರೆಯುತ್ತಾರೆ.

ಆ ಸಂಶೋಧಕರ ವಿಷಯಕ್ಕೆ ಬರುತ್ತೇನೆ. ಅವರ ಒಂದು ಪೇಪರ್ ಎರಡು ಬೇರೆ ಜಾತಿಯ ಫೈಬರುಗಳನ್ನು ಸ್ಪ್ಲೈಸ್ ಮಾಡುವುದರ, ಅಂದರೆ ತುದಿಗೆ ತುದಿ ಬೆಸೆಯುವುದರ ಬಗ್ಗೆ. ಫೈಬರಿನ ಮೇಲಿನ ಕೋಟಿಂಗ್ ಸುಲಿದು, ಆಲ್ಕೋಹಾಲಿನಲ್ಲಿ ಒರೆಸಿ, ತುದಿ ನೇರವಾಗಿ ಕತ್ತರಿಸಿ, ಆಮೇಲೆ ಆರ್ಕ್ (ವಿದ್ಯುತ್ ಕಿಡಿ) ಹೊಡೆದು ಬೆಸೆಯಬೇಕು. ಕೂದಲಿನಷ್ಟು ಸಪೂರ, 125 ಮೈಕ್ರಾನ್. ಬೆಳಕು ಹೋಗುವ ನಡುಭಾಗ ಹತ್ತು ಮೈಕ್ರಾನ್ ಕೂಡ ಇಲ್ಲ. ಎರಡರ ನಡುಭಾಗದ ಅಳತೆ ಬೇರೆಬೇರೆ ಇದ್ದರೆ ಬೆಸುಗೆಯಲ್ಲೇ ಬೆಳಕು ಸೋರಿಹೋಗುತ್ತದೆ. ಆರ್ಕ್ ಎಷ್ಟು ಹೊತ್ತು, ಎಷ್ಟು ಬಿಸಿ ಇರಬೇಕು ಅಂತ ಅವರು ಒಂದೊಂದೇ ಪರೀಕ್ಷಿಸಿ ಬರೆದಿದ್ದರು.

ಸಭೆ ಮುಗಿಸಿ ಲ್ಯಾಬಿಗೆ ಬಂದೆ. ನಮ್ಮ ಸ್ಪ್ಲೈಸರ್ ಮೇಲೆ ಟೇಪ್ ಹಾಕಿ ಅಂಟಿಸಿದ ಒಂದು ಚೀಟಿ ಇದೆ, ಅಂಚು ಹಳದಿಯಾಗಿದೆ. ಅದರಲ್ಲಿರುವ ಆರ್ಕ್ ಸೆಟ್ಟಿಂಗ್ ಅವರ ಪೇಪರಿನದ್ದು. ಹೊಸ ವಿದ್ಯಾರ್ಥಿಗಳು ಮೊದಲ ದಿನ ಅದನ್ನೇ ನೋಡಿ ಮಾಡುತ್ತಾರೆ, ಯಾರದ್ದು ಅಂತ ಕೇಳುವುದಿಲ್ಲ. ನಮ್ಮ ಪೇಪರುಗಳ ಉಲ್ಲೇಖ ಪಟ್ಟಿ ತೆಗೆದು ನೋಡಿದೆ. ಒಂದರಲ್ಲೂ ಅವರ ಹೆಸರಿಲ್ಲ. ನಾನೇ ಹಾಕಿಲ್ಲ.

ಇವತ್ತು ಬೆಳಿಗ್ಗೆ ಸಮಿತಿಗೆ ಪತ್ರ ಬರೆದೆ, ಆ ಫೈಲನ್ನು ಮತ್ತೆ ತೆರೆಯಿರಿ ಅಂತ. ಪತ್ರದ ಜೊತೆ ಆ ಪೇಪರನ್ನೂ ಚೀಟಿಯ ಫೋಟೋವನ್ನೂ ಇಟ್ಟಿದ್ದೇನೆ. ನಾವು ಈಗ ಬರೆಯುತ್ತಿರುವ ಪೇಪರಿನ ಉಲ್ಲೇಖ ಪಟ್ಟಿಗೆ ಅವರ ಹೆಸರು ಸೇರಿಸಿಯೂ ಆಯಿತು.