ಹಳೆಯ ತೋಟೆ: ಮಲೆನಾಡಿನ ರೂಢಿ, ಪುಣೆಯ ರೂಢಿ

ಮಲೆನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ತೋಟೆ ಕೋವಿ, ಎಂದರೆ ಮದ್ದು-ಚರೆ ತುಂಬಿದ ಕೊಳವೆಯಾದ ತೋಟೆಯನ್ನು (ಕಾರ್ಟ್ರಿಜ್) ಹಾಕಿ ಹಾರಿಸುವ ಕೋವಿ, ಅಪರಿಚಿತ ವಸ್ತುವಲ್ಲ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಯ ಕಡೆ ಅಡಕೆ ತೋಟವೂ ಗದ್ದೆಯೂ ಇರುವ ಎಷ್ಟೋ ಮನೆಗಳಲ್ಲಿ ಬೆಳೆ ರಕ್ಷಣೆಯ ಪರವಾನಗಿಯ ಮೇಲೆ ಒಂದು ಕೋವಿ ಇರುತ್ತದೆ. ಚುನಾವಣೆ ಘೋಷಣೆಯಾದಾಗ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತರುವುದು, ಮುಗಿದ ಮೇಲೆ ಬಿಡಿಸಿಕೊಂಡು ಬರುವುದು ಅಲ್ಲಿನ ಗೃಹಕೃತ್ಯದ ಭಾಗವೇ ಆಗಿದೆ. ಇಷ್ಟಾದರೂ ಹಾರಿಸಿದ ತೋಟೆಯ ಬಗ್ಗೆ ನಮಗೆ ಯಾವ ಮಮತೆಯೂ ಇರಲಿಲ್ಲ. ಉದ್ಯೋಗಕ್ಕಾಗಿ ಪುಣೆಗೆ ಬಂದು ಖಡಕಿಯ ಸಮೀಪ ನೆಲೆಸಿದ ಮೇಲೆ, ಇಲ್ಲಿನ ಕೆಲವರು ಖಾಲಿ ತೋಟೆಗಳನ್ನು ನಾಣ್ಯ, ಅಂಚೆಚೀಟಿಗಳಷ್ಟೇ ಶ್ರದ್ಧೆಯಿಂದ ಕೂಡಿಡುವುದನ್ನು ಕಂಡೆ. ನಮ್ಮ ರೂಢಿಯಲ್ಲಿ ಎಷ್ಟು ಕಳೆದುಹೋಗಿದೆ ಎಂಬುದು ಆಗ ತಿಳಿಯತೊಡಗಿತು.

ನಮ್ಮ ಹಿರಿಯರ ಕಾಲದಲ್ಲಿ ತೋಟೆ ಸುಲಭವಾಗಿ ಸಿಗುತ್ತಿರಲಿಲ್ಲ, ಸಿಕ್ಕರೂ ದುಬಾರಿ. ಆದ್ದರಿಂದ ಹಿತ್ತಾಳೆಯ ತೋಟೆಯನ್ನು ಮತ್ತೆ ಮತ್ತೆ ತುಂಬುತ್ತಿದ್ದರು. ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು ಸುಟ್ಟಿರುತ್ತದಲ್ಲ, ಅದನ್ನು ಮೊಳೆಯಿಂದ ಹೊರದಬ್ಬಿ, ಹೊಸ ಕೇಪು ಕೂರಿಸಿ, ಮದ್ದು ಅಳೆದು ಹಾಕಿ, ಅದರ ಮೇಲೆ ಮದುವೆಯ ಕರೆಯೋಲೆಯ ದಪ್ಪ ಕಾಗದದಿಂದ ಕತ್ತರಿಸಿದ ಬಿಲ್ಲೆ ಇಟ್ಟು, ಸೀಸದ ಸಣ್ಣ ಗುಂಡುಗಳಾದ ಚರೆ ಸುರಿದು, ಕೊನೆಗೆ ಜೇನುಮೇಣ ಕರಗಿಸಿ ಬಾಯಿ ಮುಚ್ಚುತ್ತಿದ್ದ ಕ್ರಮವನ್ನು ಹಳಬರು ಈಗಲೂ ವರ್ಣಿಸುತ್ತಾರೆ. ಕಾಗದದ ತೋಟೆಗಳಿಗಾದರೋ ಅಷ್ಟು ಆಯುಷ್ಯವಿರಲಿಲ್ಲ. ಒಂದೆರಡು ಈಡಿಗೆ ಬಾಯಿ ಸೀಳಿಹೋದವನ್ನು ಮಕ್ಕಳಿಗೆ ಆಟಕ್ಕೆ ಕೊಡುತ್ತಿದ್ದರು, ಇಲ್ಲವೇ ಬಚ್ಚಲೊಲೆಗೆ ಹಾಕುತ್ತಿದ್ದರು. ಯಾವ ಕಾರ್ಖಾನೆಯ ತೋಟೆ ನಮ್ಮ ಊರಿನವರೆಗೆ ಬಂದಿತ್ತು, ಯಾವ ಅಂಗಡಿಯಿಂದ, ಯಾವ ಕಾಲದಲ್ಲಿ ಎಂಬ ಲೆಕ್ಕವೆಲ್ಲ ಹೀಗೆ ಬೂದಿಯಾಯಿತು.

ಖಡಕಿಯ ಮದ್ದುಗುಂಡು ಕಾರ್ಖಾನೆ ಆರಂಭವಾದದ್ದು 1869ರಲ್ಲಿ. ನಮ್ಮ ಕಡೆಯ ಕೋವಿ ಅಂಗಡಿಗಳಿಗೆ ಬರುತ್ತಿದ್ದ ‘ಶಕ್ತಿಮಾನ್’ ಹೆಸರಿನ ಹನ್ನೆರಡು ಬೋರಿನ ತೋಟೆಗಳ ತವರು ಇದೇ ಎಂಬುದು ಇಲ್ಲಿಗೆ ಬರುವವರೆಗೆ ನನ್ನ ಗಮನಕ್ಕೆ ಬಂದಿರಲಿಲ್ಲ. ಇಂಥ ಊರಿನಲ್ಲಿ ಸೈನ್ಯದಿಂದ ನಿವೃತ್ತರಾದವರು, ಕಾರ್ಖಾನೆಯಲ್ಲಿ ದುಡಿದವರು ಬೇಕಾದಷ್ಟು ಮಂದಿ ಇರುವುದರಿಂದ ತೋಟೆಯನ್ನು ಕೈಯಲ್ಲಿ ಹಿಡಿದು ಓದಬಲ್ಲವರೂ ಇದ್ದಾರೆ. ಅಂಥ ಒಬ್ಬ ಹಿರಿಯರು ತಮ್ಮ ಸಂಗ್ರಹದಿಂದ ಒಂದು ಖಾಲಿ ತೋಟೆಯನ್ನು ನನ್ನ ಅಂಗೈ ಮೇಲಿಟ್ಟರು. ಹೆಬ್ಬೆರಳಿಗಿಂತ ತುಸು ದಪ್ಪ. ಮೇಣ ಹೀರಿಕೊಂಡ ಕಾಗದದ ಕೊಳವೆ ಬಣ್ಣಗೆಟ್ಟಿತ್ತು. ಬಾಯಿಯ ಅಂಚಿನಲ್ಲಿ ಒಳಕ್ಕೆ ಸುರುಳಿ ಮಡಿಸಿದ ಗುರುತು ಮಾತ್ರ ಉಳಿದಿತ್ತು. ಬುಡದ ಹಿತ್ತಾಳೆಯ ಮೇಲೆ ಈಲಿ-ಕೈನಾಕ್ ಎಂಬ ಹೆಸರು, ಎರಡು ಕಡೆ 12 ಎಂಬ ಅಂಕಿ, ಕೆಳಗೆ ಐಸಿಐ ಎಂಬ ಮೂರು ಅಕ್ಷರ, ನಡುವೆ ಸೂಜಿ ಬಡಿದು ತಗ್ಗಾದ ಕೇಪು.

ಅಷ್ಟರಲ್ಲೇ ಒಂದು ದೊಡ್ಡ ಕಥೆ ಅಡಗಿದೆ. ಲಂಡನ್ನಿನ ಈಲಿ ಮತ್ತು ಬರ್ಮಿಂಗ್‌ಹ್ಯಾಮಿನ ಕೈನಾಕ್ ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರತಿಸ್ಪರ್ಧಿ ಕಾರ್ಖಾನೆಗಳಾಗಿದ್ದವು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಎರಡೂ ಒಂದೇ ಸಂಸ್ಥೆಯೊಳಗೆ ಸೇರಿದವು. ಆ ಸಂಸ್ಥೆಯನ್ನೂ ಒಳಗೊಂಡ ಐಸಿಐ (ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್) ಹುಟ್ಟಿದ್ದು 1926ರಲ್ಲಿ. ಹಾಗಾಗಿ ಆ ಮೂರು ಅಕ್ಷರವಿರುವ ತೋಟೆ ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಅಮೆರಿಕದ ರೆಮಿಂಗ್ಟನ್ ಕಂಪನಿ 1960ರಲ್ಲಿ ಪ್ಲಾಸ್ಟಿಕ್ ತೋಟೆ ತಂದ ಮೇಲೆ ಕಾಗದ ಕ್ರಮೇಣ ಹಿಂದೆ ಸರಿಯಿತು. ಹನ್ನೆರಡು ಬೋರು ಎಂಬ ಅಳತೆಯೇ ಒಂದು ಪೌಂಡ್ ಸೀಸದಿಂದ ಹನ್ನೆರಡು ಸಮನಾದ ಗುಂಡು ಎರಕಹೊಯ್ದರೆ ಅದರಲ್ಲಿ ಒಂದು ಗುಂಡು ಹಿಡಿಸುವ ನಳಿಗೆ ಎಂಬ ಹಳೆಯ ಲೆಕ್ಕದಿಂದ ಬಂದದ್ದು. ಬ್ರಿಟನ್ನಿನಲ್ಲಿ ಕೋವಿ ಅಂಗಡಿಗಳು ತಮ್ಮ ಹೆಸರನ್ನೇ ಕಾಗದದ ಕೊಳವೆಯ ಮೇಲೆ ಅಚ್ಚು ಹಾಕಿಸುವ ಪದ್ಧತಿಯಿತ್ತು. ಆದ್ದರಿಂದಲೇ ಸಂಗ್ರಹಕಾರರು ಹಿತ್ತಾಳೆಗಿಂತ ಕಾಗದಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ. ನಾವು ಉಳಿಸಿಕೊಂಡದ್ದು ಹಿತ್ತಾಳೆ, ಒಲೆಗೆ ಹಾಕಿದ್ದು ಕಾಗದ.

ಅಮೆರಿಕದಲ್ಲಿ ಹಳೆಯ ತೋಟೆಗಳನ್ನು ಕೂಡಿಡುವುದರ ಜೊತೆಗೆ ಅವುಗಳನ್ನೇ ಹಿಡಿದು ಹಕ್ಕಿ ಬೇಟೆಗೆ ಹೋಗುವವರೂ ಇದ್ದಾರೆ. ಸುಟ್ಟ ಕಾಗದ ಮತ್ತು ಮೇಣದ ವಾಸನೆಯನ್ನು ಪ್ರೀತಿಸುವವರಿಗಾಗಿ ಅಲ್ಲಿ ಒಂದು ಕಂಪನಿ ಇಂದಿಗೂ ಕಾಗದದ ತೋಟೆ ತಯಾರಿಸುತ್ತದೆ. ಅಲ್ಲಿಯೂ ನೀರುಹಕ್ಕಿಗಳ ಬೇಟೆಗೆ 1991ರಿಂದ ಸೀಸದ ಚರೆ ದೇಶದಾದ್ಯಂತ ನಿಷಿದ್ಧವಾದ್ದರಿಂದ ಹಳೆಯ ತೋಟೆ ಕೆರೆಯ ಬಳಿ ಸುಳಿಯುವಂತಿಲ್ಲ. ನಮ್ಮಲ್ಲಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1991ರ ಅದರ ತಿದ್ದುಪಡಿ ಬಂದ ಮೇಲೆ ಮೋಜಿನ ಬೇಟೆಯ ಮಾತೇ ಇಲ್ಲ. ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಬೆಳೆ ಕಾಯಲು ಆಕಾಶಕ್ಕೆ ಈಡು ಹಾರಿಸುವಾಗಲೂ ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿದ ಅಜ್ಜನ ಕಾಲದ ತೋಟೆಯನ್ನೇ ಬಳಸುವವರು ನಮ್ಮ ಕಡೆ ಇದ್ದಾರೆ. ಅದು ನಿಲ್ಲಲೇಬೇಕು.

ಮಲೆನಾಡಿನ ಮಳೆಗಾಲವನ್ನು ಹಲವು ಬಾರಿ ಕಂಡ ಕಾಗದದ ತೋಟೆ ತೇವ ಹೀರಿ ಉಬ್ಬಿರುತ್ತದೆ. ಅದು ನಳಿಗೆಯ ಗೂಡಿನೊಳಗೆ, ಎಂದರೆ ತೋಟೆ ಇಡುವ ಹಿಂಭಾಗದೊಳಗೆ, ಕೂರದೆ ಹೋದರೆ ಅದೃಷ್ಟ. ಕೂತು ಹಾರಿದರೆ ಒಳಗಿನ ಬುಡದ ಬಿಲ್ಲೆ ಕಳಚಿ ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು, ಮತ್ತು ಅದನ್ನು ನೋಡದೆ ಎರಡನೆಯ ಈಡು ಹೊಡೆದರೆ ನಳಿಗೆಯೇ ಸಿಡಿಯುತ್ತದೆ. ಹಳೆಯ ಕೇಪು ತಡವಾಗಿ ಹತ್ತಿಕೊಳ್ಳುವುದೂ ಉಂಟು. ಕೋವಿಯ ಕುದುರೆ (ಕೇಪನ್ನು ಬಡಿಯುವ ಸುತ್ತಿಗೆ) ಬಿದ್ದರೂ ಸದ್ದು ಬರಲಿಲ್ಲವೆಂದು ಕೂಡಲೇ ಕೋವಿ ಮಡಚಿದವರ ಮುಖದ ಮುಂದೆ ಅದು ಹಾರಬಹುದು. ಇದಕ್ಕೆ ವಿರುದ್ಧವಾದ ತಪ್ಪೂ ಅಷ್ಟೇ ಅಪಾಯಕರ. ಹಳೆಯ ಜೋಡು ನಳಿಗೆ ಕೋವಿಗಳ ಗೂಡು ಬಹುಮಟ್ಟಿಗೆ 65 ಮಿಲಿಮೀಟರ್ ಉದ್ದದ್ದು. ಇಂದಿನ 70 ಮಿಲಿಮೀಟರಿನ ತೋಟೆಯ ಬಾಯಿ ಮಡಿಸಿರುವುದರಿಂದ ಅದು ಆ ಗೂಡಿನಲ್ಲಿ ಸಲೀಸಾಗಿ ಕೂರುತ್ತದೆ. ಹಾರಿದಾಗ ಮಡಿಕೆ ಬಿಚ್ಚಿ ಮುಂದಿನ ಕಿರಿದಾದ ಭಾಗಕ್ಕೆ ಚಾಚಿ ಒತ್ತಡವನ್ನು ಮಿತಿಮೀರಿ ಏರಿಸುತ್ತದೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿ ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆಯಾದರೆ, ಅದರಲ್ಲಿ ಅನೇಕವು ಕರಿಮದ್ದಿಗೆ ಮಾತ್ರ ಪರೀಕ್ಷೆಯಾದವು, ಹೊಸ ಮದ್ದಿನ ಹೊಡೆತಕ್ಕೆ ಅವು ತಾಳುತ್ತವೆ ಎಂದು ನಂಬುವಂತಿಲ್ಲ.

ಕೊಡಗಿನ ವಿಷಯ ಬೇರೆ. ಅಲ್ಲಿ ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿ ಇದೆ; 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದಿನಂದು ತೋಕ್ ಪೂವಿನಿಂದ (ಕೋವಿ ಹೂವಿನಿಂದ) ಸಿಂಗರಿಸಿ ಪೂಜಿಸುವ ಕೋವಿಗೆ ಅಲ್ಲಿರುವ ಗೌರವ ಪುಣೆಯಲ್ಲಿ ನಾನು ಎಲ್ಲಿಯೂ ಕಂಡಿಲ್ಲ. ಆ ಗೌರವದಲ್ಲಿ ಒಂದು ಪಾಲು ತೋಟೆಗೂ ಸಲ್ಲಲಿ ಎಂಬುದು ನನ್ನ ಆಸೆ.

ಇದು ಅತಿಯಾಸೆಯೇನೂ ಅಲ್ಲ. ಪುಣೆಯ ರಾಜಾ ದಿನಕರ ಕೇಳಕರ್ ವಸ್ತುಸಂಗ್ರಹಾಲಯಕ್ಕೆ ಹೋದ ಮಲೆನಾಡಿಗರು ಅಲ್ಲಿನ ಅಡಕತ್ತರಿಗಳ ಮುಂದೆ ಬಹಳ ಹೊತ್ತು ನಿಲ್ಲುತ್ತಾರೆ. ನಮ್ಮ ಪ್ರತಿ ಮನೆಯ ಜಗುಲಿಯಲ್ಲೂ ಇದ್ದ ವಸ್ತುವನ್ನು ಒಬ್ಬ ವ್ಯಕ್ತಿ ಜೀವಮಾನವಿಡೀ ಕೂಡಿಸಿ, 1975ರಲ್ಲಿ ತನ್ನ ಸಂಗ್ರಹವನ್ನೆಲ್ಲ ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದ್ದರಿಂದ ಇಂದು ಅದನ್ನು ಗಾಜಿನ ಹಿಂದೆ ನೋಡುತ್ತೇವೆ. ಸಾಮಾನ್ಯ ವಸ್ತುವಿಗೂ ಮಹತ್ವ ಕೊಡುವ ಈ ಅಭ್ಯಾಸವನ್ನೇ ನಾನು ಊರಿಗೆ ಹೋದಾಗಲೆಲ್ಲ ಬಂಧುಗಳಿಗೆ ಹೇಳುತ್ತಿರುತ್ತೇನೆ.

ಮೊದಲು ಬೇರ್ಪಡಿಸಬೇಕಾದದ್ದು ಖಾಲಿ ತೋಟೆ ಮತ್ತು ಮದ್ದಿರುವ ತೋಟೆ. ಪರವಾನಗಿಯಿಲ್ಲದೆ ಮದ್ದಿರುವ ಒಂದೇ ಒಂದು ತೋಟೆ ಮನೆಯಲ್ಲಿದ್ದರೂ ಅದು ಆಯುಧ ಕಾಯ್ದೆಯಡಿ ಅಪರಾಧ. ಅಜ್ಜನ ನೆನಪು ಎಂಬ ಕಾರಣ ಅಲ್ಲಿ ನಡೆಯುವುದಿಲ್ಲ. ಪರವಾನಗಿದಾರರು ತೀರಿಕೊಂಡ ಮನೆಯಲ್ಲಿ ಕೋವಿಯ ಜೊತೆಗೆ ತೋಟೆಗಳನ್ನೂ ಠಾಣೆಗೋ ಪರವಾನಗಿಯುಳ್ಳ ಅಂಗಡಿಗೋ ಒಪ್ಪಿಸಬೇಕು, ಮನೆಯಲ್ಲೇ ಬಿಚ್ಚಿ ಮದ್ದು ತೆಗೆಯಲು ಯಾರೂ ಕೈಹಾಕಬಾರದು. ಖಾಲಿ ತೋಟೆಯನ್ನು ಒಣಗಿದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ ನಿಲ್ಲಿಸಿಡಬೇಕು. ಯಾವ ಮನೆಯದು, ಯಾವ ಕೋವಿಯದು ಎಂದು ಚೀಟಿ ಬರೆದಿಡಬೇಕು. ಹಬ್ಬದ ಪಾತ್ರೆಗಳ ಜೊತೆ ಹುಣಸೆಹಣ್ಣು ಹಾಕಿ ಅದರ ಬುಡವನ್ನು ತಿಕ್ಕಿ ಹೊಳಪಿಸಲೇಬಾರದು, ಏಕೆಂದರೆ ಮೊದಲು ಸವೆದುಹೋಗುವುದು ಅಲ್ಲಿ ಕೆತ್ತಿರುವ ಅಕ್ಷರಗಳೇ.